ಅಕ್ಷರಗುಂಡಿನ ಲಿಪಿಯೂ ಕನ್ನಡದ ಬರವಣಿಗೆಯೂ

ಕ್ರಿ. ಶ. ೬೬೮ರಲ್ಲಿ ಚೀನದೇಶದ ದಾವೋಷಿ ಎಂಬ ಬೌದ್ಧ ಭಿಕ್ಷುವು ರಚಿಸಿದ ‘ಫಾಯುವಾನ್ ಜೂಲಿನ್’ ಎಂಬ ಮಹಾಸಂಗ್ರಹದಲ್ಲಿ ಲಿಪಿಗಳ ಉತ್ಪತ್ತಿಯನ್ನು ಕುರಿತ ಒಂದು ಐತಿಹ್ಯವಿದೆ. ಲಿಪಿಕರ್ತರು ಮೂವರು. ಅವರಲ್ಲಿ ಹಿರಿಯನು ಬ್ರಹ್ಮ. ಅವನ ಬರೆಹವು ಎಡದಿಂದ ಬಲಕ್ಕೆ ನಡೆಯುವುದು. ನಡುವಣವನು ಖರೋಷ್ಠ, ಅವನದು ಬಲದಿಂದ ಎಡಕ್ಕೆ. ಕಿರಿಯನು ತ್ಸಾಂಗ್‌ಜಿಯೆ, ಅವನದು ಮೇಲಿನಿಂದ ಕೆಳಕ್ಕೆ. ಮೊದಲಿಬ್ಬರು ಭರತಖಂಡದವರು, ಮೂರನೆಯವನು ಚೀನದವನು. ಸಂಸ್ಕೃತದ ಲಲಿತವಿಸ್ತರದಲ್ಲಿಯೂ ಅರುವತ್ತನಾಲ್ಕು ಲಿಪಿಗಳ ಪಟ್ಟಿಯೊಂದು ಬರುತ್ತದೆ. ಅಲ್ಲಿಯೂ ಬ್ರಾಹ್ಮಿಯೇ ಮೊದಲನೆಯದು, ಖರೋಷ್ಠಿಯು ಎರಡನೆಯದು. ಚೀನಲಿಪಿಯು ಮುಂದೆ ಎಲ್ಲಿಯೋ ಉಳಿದವುಗಳ ಗುಂಪಿನಲ್ಲಿ ಸೇರಿದೆ. ಐತಿಹ್ಯವು ಚರಿತ್ರೆಯಲ್ಲ. ಇಂದು ದೊರೆತಿರುವ ಸಾಧನಗಳಿಂದ ನೋಡಿದರೆ, ಕಿರಿಯನೆನಿಸಿದವನ ಲಿಪಿಯೇ ಮಿಕ್ಕೆರಡಕ್ಕಿಂತ ಸುಮಾರು ಸಾವಿರ ವರ್ಷ ಹಿರಿದು. ಆದರೂ ಈ ಮೂವರಲ್ಲಿ ಮೊದಲಿಬ್ಬರ ಲಿಪಿಗಳು ಒಂದೇ ಬಂಡೆಯ ಮೇಲೆ ಒಂದೇ ಕೈಯಿಂದ ಬರೆಯಲ್ಪಟ್ಟಿರುವ ಸ್ಥಳವೊಂದು ಕನ್ನಡನಾಡಿನಲ್ಲಿದೆ. ಅದು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ. ಹೆಸರಿನಲ್ಲಿ ಬ್ರಹ್ಮನಿರುವುದು ಆಕಸ್ಮಿಕ; ಅದರಿಂದ ಏನನ್ನೂ ಸಾಧಿಸಲಾಗದು.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ನೆರೆಯ ಸ್ಥಳಗಳಲ್ಲಿರುವ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಶೋಧಿಸಿದರೆಂಬುದು ಸರ್ವವಿದಿತ. ಇವುಗಳ ವಿಷಯದಲ್ಲಿ ಕನ್ನಡದ ಪಠ್ಯಪುಸ್ತಕಗಳಲ್ಲಿಯೂ ಸಾಹಿತ್ಯಚರಿತ್ರೆಗಳ ಪೀಠಿಕೆಗಳಲ್ಲಿಯೂ ಎರಡು ಬಗೆಯ ಅಭಿಪ್ರಾಯಗಳು ಬಳಕೆಯಲ್ಲಿವೆ. ಕನ್ನಡ ಲಿಪಿಯು ಈ ಬಂಡೆಗಳ ಮೇಲೆ ಹುಟ್ಟಿತು, ಆದುದರಿಂದ ಕನ್ನಡದ ಬರವಣಿಗೆಗೆ ಎರಡು ಸಾವಿರದ ಇನ್ನೂರು ವರ್ಷಗಳ ವಯಸ್ಸಾಯಿತು, ಚೀನದಂತಹ ಪ್ರಾಚೀನ ಲಿಪಿಸಂಪ್ರದಾಯಗಳ ಸಾಲಿನಲ್ಲಿ ಕನ್ನಡವೂ ನಿಲ್ಲತಕ್ಕುದು ಎಂಬುದು ಒಂದು. ಶಾಸನದ ಭಾಷೆಯು ಪ್ರಾಕೃತ, ಒಡೆಯನು ಮಗಧದವನು, ಆದುದರಿಂದ ಇವಕ್ಕೂ ಕನ್ನಡಕ್ಕೂ ಯಾವ ಸಂಬಂಧವೂ ಇಲ್ಲ ಎಂಬುದು ಇನ್ನೊಂದು. ಮೊದಲನೆಯದು ಅಭಿಮಾನದಿಂದ ಹುಟ್ಟಿದುದು, ಎರಡನೆಯದು ಅವಸರದಿಂದ ಹುಟ್ಟಿದುದು. ಲಿಪಿಯ ಜನನ, ಒಂದು ಭಾಷೆಯವರು ಅನ್ಯಲಿಪಿಯನ್ನು ಸ್ವೀಕರಿಸುವುದು ಎಂಬ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೆಂದು ಭಾವಿಸಿರುವುದೇ ಎರಡಕ್ಕೂ ಸಮಾನವಾದ ದೋಷ.

ಮೊದಲು ಬಂಡೆಯನ್ನೇ ನೋಡಬೇಕು. ಬ್ರಹ್ಮಗಿರಿಯ ಬಂಡೆಯನ್ನು ಊರವರು ‘ಅಕ್ಷರಗುಂಡು’ ಎಂದು ಕರೆಯುತ್ತಿದ್ದರು. ಓದಲು ಬಾರದ ಗೆರೆಗಳನ್ನು ಅಕ್ಷರವೆಂದೇ ಜನರು ಗುರುತಿಸಿಕೊಂಡಿದ್ದರೆಂಬುದು ಗಮನಾರ್ಹ. ಜಟಿಂಗ ರಾಮೇಶ್ವರದ ಬಂಡೆಗಾದರೋ ‘ಬಳೆಗಾರನ ಗುಂಡು’ ಎಂದು ಹೆಸರು. ಜಾತ್ರೆಯ ಕಾಲದಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದುದು ಅದರ ಮೇಲೆ. ಅಲ್ಲಿಯ ಅಕ್ಷರಗಳು ಬಹುಮಟ್ಟಿಗೆ ಸವೆದುಹೋಗಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಶಾಸನವು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸುವ ವಾಕ್ಯದಿಂದ ಮೊದಲಾಗುತ್ತದೆ. ಆ ಬಳಿಕ ದೇವಾನಾಂಪ್ರಿಯನ ಮಾತು: ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಮೊದಲು ಹೆಚ್ಚಾಗಿ ಪ್ರಯತ್ನಿಸಲಿಲ್ಲ, ಈಗ ಒಂದು ವರ್ಷಕ್ಕೂ ಮೇಲ್ಪಟ್ಟು ಪ್ರಯತ್ನಿಸುತ್ತಿರುವೆನು, ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸ್ವರ್ಗವು ಸಾಧ್ಯ. ಕೊನೆಯಲ್ಲಿ ತಾಯಿತಂದೆಗಳ ಶುಶ್ರೂಷೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಅಂತೇವಾಸಿಯು ಆಚಾರ್ಯನನ್ನು ಗೌರವಿಸಬೇಕೆಂಬ ವಿಧಿ. ಇದು ಪುರಾತನವಾದ ಪ್ರಕೃತಿ ಎಂಬ ಸಮರ್ಥನೆ. ಕಛೇರಿಯ ಓಲೆ, ಅರಸನ ಆತ್ಮನಿವೇದನೆ, ಗುರುಕುಲದ ನೀತಿ ಎಂಬ ಮೂರು ಧ್ವನಿಗಳು ಒಂದರ ಹಿಂದೆ ಒಂದು ಬಂದಿವೆ. ಅವುಗಳನ್ನು ಬೆಸೆಯುವ ಪ್ರಯತ್ನವನ್ನು ಯಾರೂ ಮಾಡಿಲ್ಲ. ಬಂದ ಓಲೆಯನ್ನು ಶಿರೋನಾಮ ಸಹಿತವಾಗಿ ಕಲ್ಲಿಗೆ ಇಳಿಸಿದ್ದಾರೆ. ಈ ಒರಟುತನವೇ ಇದರ ಪ್ರಾಮಾಣ್ಯಕ್ಕೆ ಸಾಕ್ಷಿ. ಬರೆಹವೆಂಬುದು ಈ ನಾಡಿಗೆ ಕಾವ್ಯವಾಗಿಯಾಗಲಿ ಲೆಕ್ಕಪತ್ರವಾಗಿಯಾಗಲಿ ಅಲ್ಲ, ದೂರದಿಂದ ಬಂದ ಅಪ್ಪಣೆಯಾಗಿ ಕಾಣಿಸಿಕೊಂಡಿತು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಸಾಧನವಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ವಿಚಾರಕ್ಕೆ ಯೋಗ್ಯವಾದುದು ಕೊನೆಯ ಸಾಲು. ಇದನ್ನು ಬರೆದವನು ಚಪಡನೆಂಬ ಲಿಪಿಕರನು. ಬ್ರಾಹ್ಮಿಯಲ್ಲಿ ಪದಗಳ ನಡುವೆ ಎಡೆ ಬಿಡುವ ನಿಯಮವಿಲ್ಲವಾದುದರಿಂದ, ಮೊದಲು ಓದಿದವರು ‘ಚ’ ಎಂಬುದನ್ನು ಸಮುಚ್ಚಯಾರ್ಥಕವಾದ ಅವ್ಯಯವೆಂದು ಬಿಡಿಸಿ ‘ಪಡ’ ಎಂಬ ಹೆಸರನ್ನು ಕಂಡರು. ಹುಲ್ಟ್ಷ್ ಅವರು ‘ಚಪಡ’ ಎಂದು ಕೂಡಿಸಿ ಓದಿದರು. ಎರಡನೆಯದೇ ಇಂದು ಗ್ರಾಹ್ಯವಾಗಿದೆ. ಒಂದು ಚಕಾರವು ಅವ್ಯಯವೋ ನಾಮದ ಅವಯವವೋ ಎಂಬ ಈ ಚರ್ಚೆಯು ವ್ಯಾಕರಣ ಓದಿದವರಿಗೆ ಹಿತವಾದುದು. ಆದರೆ ಅದಕ್ಕಿಂತ ಮುಖ್ಯವಾದುದು ‘ಲಿಪಿಕರೇಣ’ ಎಂಬ ಶಬ್ದ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಬರೆದ ಆತನು, ತನ್ನ ವೃತ್ತಿಯನ್ನು ಹೇಳುವ ಈ ಒಂದು ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿಯು ಗಾಂಧಾರದ ಲಿಪಿ. ಅಲ್ಲಿಯ ಷಾಹಬಾಜ್‌ಗಢಿಯ ಶಾಸನದಲ್ಲಿ ಲಿಪಿಗೆ ‘ದಿಪಿ’ ಎಂದೇ ಹೆಸರು. ಅದು ಪ್ರಾಚೀನ ಪಾರಸೀಕದ ಶಬ್ದ. ಅದೇ ಗಾಂಧಾರದವನೆಂದು ಸಂಪ್ರದಾಯವು ಹೇಳುವ ಪಾಣಿನಿಯು ಮೂರನೆಯ ಅಧ್ಯಾಯದ ಕೃದಂತ ಪ್ರಕರಣದಲ್ಲಿ ಲಿಪಿಕರ, ಲಿಬಿಕರ ಎಂಬ ಎರಡು ರೂಪಗಳನ್ನೂ ಸಾಧಿಸಿಕೊಟ್ಟಿದ್ದಾನೆ. ಸೂತ್ರದಲ್ಲಿ ಸಿದ್ಧವಾದ ಆ ಶಬ್ದವು ಮನುಷ್ಯನೊಬ್ಬನ ವೃತ್ತಿನಾಮವಾಗಿ, ಆತನ ಕೈಯಿಂದಲೇ ಬರೆಯಲ್ಪಟ್ಟು, ಮೊಳಕಾಲ್ಮುರಿನ ಕಲ್ಲಿನ ಮೇಲೆ ದೊರೆಯುತ್ತದೆ. ಚಪಡನು ಉತ್ತರಾಪಥದಲ್ಲಿ ಕಲಿತವನೆಂದೂ, ಇಲ್ಲಿ ಓದುವವರು ಯಾರೂ ಇಲ್ಲದ ಲಿಪಿಯಲ್ಲಿ ತನ್ನ ವಿದ್ಯೆಯ ಗುರುತನ್ನು ಬಿಟ್ಟನೆಂದೂ ಊಹಿಸುವುದು ಅನುಚಿತವಲ್ಲ.

ಹಾಗಾದರೆ ಓದಿದವರು ಯಾರು? ಬ್ರಹ್ಮಗಿರಿಯ ಪಾಠವು ಇದಕ್ಕೆ ಉತ್ತರ ಕೊಡದು. ಆಂಧ್ರದ ಕರ್ನೂಲು ಸೀಮೆಯ ಎರ್ರಗುಡಿಯ ಪಾಠವು ಸ್ವಲ್ಪ ಬೆಳಕು ನೀಡುತ್ತದೆ. ಅಲ್ಲಿ ಆನೆಯವರು, ಬ್ರಾಹ್ಮಣರು ಮೊದಲಾದವರೊಡನೆ ‘ಕಾರಣಕ’ರೂ ತಮ್ಮ ಅಂತೇವಾಸಿಗಳಿಗೆ ಈ ಧರ್ಮವನ್ನು ಕಲಿಸಬೇಕೆಂದು ಹೇಳಿದೆ. ಕರಣಿಕರೆಂದು ಕನ್ನಡವು ಮುಂದೆ ಕರೆದ ಲೇಖಕವರ್ಗಕ್ಕೂ ಈ ಶಬ್ದಕ್ಕೂ ಇರುವ ನಂಟು ಸ್ಪಷ್ಟ. ಬರೆಯುವವನಿಗೆ ಶಿಷ್ಯರಿದ್ದರು, ಲಿಪಿಯು ಹರಡಿದುದು ಬಂಡೆಯಿಂದಲ್ಲ, ಆ ಶಿಷ್ಯಪರಂಪರೆಯಿಂದ. ಅದೇ ಎರ್ರಗುಡಿಯಲ್ಲಿ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ, ಉಳುವ ಎತ್ತು ಹೊರಳಿದಂತೆ, ನಡೆಯುತ್ತವೆ. ಐತಿಹ್ಯದಲ್ಲಿ ಬ್ರಹ್ಮನಿಗೂ ಖರೋಷ್ಠನಿಗೂ ಹಂಚಿಕೊಟ್ಟ ದಿಕ್ಕುಗಳು ಆ ಕಾಲದ ಲೇಖಕರ ಕೈಯಲ್ಲಿ ಅಷ್ಟು ಬಿಗಿಯಾಗಿ ನಿಂತಿರಲಿಲ್ಲವೆಂದು ಇದರಿಂದ ತಿಳಿಯತಕ್ಕುದು.

ಇನ್ನು ಚೀನದ ಕಡೆಗೆ ತಿರುಗಬೇಕು. ಹೋಲಿಕೆಯನ್ನು ಎತ್ತಿದವರು ಅಲ್ಲಿಯ ಸಂಗತಿಯನ್ನು ಸರಿಯಾಗಿ ತೂಗಿ ನೋಡಿದಂತೆ ಕಾಣುವುದಿಲ್ಲ. ಅಲ್ಲಿಯ ಅತ್ಯಂತ ಪ್ರಾಚೀನವಾದ ಬರೆಹದ ಬೆಲೆಯು ವಿದ್ವಾಂಸರಿಗೆ ಗೋಚರವಾದುದು ೧೮೯೯ರಲ್ಲಿ, ಎಂದರೆ ರೈಸ್ ಅವರ ಶೋಧದ ಏಳೇ ವರ್ಷಗಳ ಅನಂತರ. ಆಮೆಯ ಚಿಪ್ಪು, ಎತ್ತಿನ ಹೆಗಲೆಲುಬುಗಳನ್ನು ಬಿಸಿಮಾಡಿ, ಬಿಟ್ಟ ಬಿರುಕುಗಳಿಂದ ಶುಭಾಶುಭವನ್ನು ತಿಳಿದು, ಕೇಳಿದ ಪ್ರಶ್ನೆಯನ್ನು ಅವುಗಳ ಮೇಲೆಯೇ ಕೆತ್ತುವ ಪದ್ಧತಿಯು ಷಾಂಗ್ ವಂಶದ ರಾಜರಲ್ಲಿತ್ತು. ವಾಂಗ್ ಯಿರೋಂಗ್ ಎಂಬ ವಿದ್ವಾಂಸನು ಇವನ್ನು ಔಷಧದ ಅಂಗಡಿಯಿಂದ ತರಿಸಿದ ಮದ್ದಿನಲ್ಲಿ ಕಂಡನೆಂಬ ಕಥೆಯು ಜನಪ್ರಿಯವಾಗಿದ್ದರೂ ಅದನ್ನು ಹಾಗೆಯೇ ನಂಬುವಂತಿಲ್ಲ. ೧೯೦೩ರಲ್ಲಿ ಲಿಯು ಎ ಎಂಬವನು ಇವುಗಳ ಮೊದಲ ಸಂಗ್ರಹವನ್ನು ಪ್ರಕಟಿಸಿದನು. ೧೯೨೮ರಲ್ಲಿ ಅನ್ಯಾಂಗ್ ಎಂಬಲ್ಲಿ ಉತ್ಖನನವು ಮೊದಲಾಯಿತು. ೧೯೩೬ರಲ್ಲಿ ಒಂದೇ ಗುಳಿಯಿಂದ ಹದಿನೇಳು ಸಾವಿರಕ್ಕೂ ಹೆಚ್ಚು ತುಂಡುಗಳು ಹೊರಬಂದವು. ಕ್ರಿ. ಪೂ. ೧೨೦೦ರ ಸುಮಾರಿನ ವೂ ಡಿಂಗ್ ಎಂಬ ರಾಜನ ಕಾಲದವು ಇವುಗಳಲ್ಲಿ ಹಳೆಯವು.

ಇಷ್ಟು ಸಾಮಗ್ರಿಯಿದ್ದರೂ ಅಲ್ಲಿಯೂ ಲಿಪಿಯ ಹುಟ್ಟು ಕಾಣಿಸದು. ವೂ ಡಿಂಗನ ಕಾಲಕ್ಕೆ ಆ ಬರೆಹವು ಪ್ರೌಢವಾಗಿಯೇ ಇದೆ. ನಾಲ್ಕು ಸಾವಿರಕ್ಕೂ ಮೇಲ್ಪಟ್ಟ ಚಿಹ್ನೆಗಳನ್ನು ಎಣಿಸಿದ್ದಾರೆ. ಅದಕ್ಕೂ ಬಹು ಹಿಂದಿನ ಬಾನ್‌ಪೋ ಮೊದಲಾದ ನೆಲೆಗಳ ಮಡಕೆಗಳ ಮೇಲೆ ಗೀರುಗಳಿವೆ. ಅವನ್ನು ಲಿಪಿಯ ಬೀಜವೆನ್ನುವವರುಂಟು. ಇದೇ ಪ್ರಶ್ನೆಯು ಬ್ರಹ್ಮಗಿರಿಯಲ್ಲಿಯೂ ಇದೆ. ೧೯೪೭ರಲ್ಲಿ ವ್ಹೀಲರ್ ಅವರು ನಡೆಸಿದ ಉತ್ಖನನದಲ್ಲಿ ಬೃಹತ್‌ಶಿಲಾ ಸಮಾಧಿಗಳ ಮಡಕೆಗಳ ಮೇಲೆ ಇಂತಹ ಗೀರುಗಳು ಕಂಡುಬಂದಿವೆ. ಎರಡು ಕಡೆಯಲ್ಲಿಯೂ ಉತ್ತರವು ಒಂದೇ: ಕುಂಬಾರನ ಅಥವಾ ಒಡೆಯನ ಗುರುತು ವಸ್ತುವನ್ನು ಸೂಚಿಸಬಹುದು, ಶಬ್ದವನ್ನು ಸೂಚಿಸುವ ತನಕ ಅದು ಲಿಪಿಯಲ್ಲ. ದನಕ್ಕೆ ಹಾಕಿದ ಬರೆಯನ್ನು ಯಾರೂ ಓದುವುದಿಲ್ಲ, ಗುರುತಿಸುತ್ತಾರೆ.

ಚೀನದ ಬರೆಹವು ಶಬ್ದಕ್ಕೆ ಅಂಟಿಕೊಂಡ ಬಗೆಯನ್ನು ಕ್ರಿ. ಶ. ೧೦೦ರಲ್ಲಿ ಷು ಷೆನ್ ಎಂಬ ಕೋಶಕಾರನು ವಿವರಿಸಿದ್ದಾನೆ. ಅವನ ಕೋಶದಲ್ಲಿ ೯೩೫೩ ಅಕ್ಷರಗಳೂ ೫೪೦ ವರ್ಗಗಳೂ ಇವೆ. ಅಕ್ಷರನಿರ್ಮಾಣದ ಕ್ರಮಗಳು ಆರು. ವಸ್ತುವಿನ ರೂಪವನ್ನು ಬರೆಯುವುದು, ಭಾವವನ್ನು ಬೊಟ್ಟುಮಾಡುವುದು, ಎರಡು ರೂಪಗಳನ್ನು ಕೂಡಿಸಿ ಮೂರನೆಯ ಅರ್ಥವನ್ನು ತರುವುದು ಇವು ಸುಲಭವಾಗಿ ತಿಳಿಯತಕ್ಕವು. ಲಿಪಿಯ ಜೀವವಾದರೋ ಬೇರೆ ಎರಡು ಕ್ರಮಗಳಲ್ಲಿದೆ. ಒಂದು, ಸಾಲ ಪಡೆಯುವುದು: ಧಾನ್ಯದ ಗಿಡವೊಂದರ ಚಿತ್ರವನ್ನು, ಅದರ ಹೆಸರಿನ ಧ್ವನಿಯೇ ಉಳ್ಳ ‘ಬರು’ ಎಂಬ ಕ್ರಿಯೆಗೆ ಉಪಯೋಗಿಸುವುದು. ಇನ್ನೊಂದು, ಅರ್ಥವನ್ನು ತೋರುವ ಅಂಗವನ್ನೂ ಧ್ವನಿಯನ್ನು ತೋರುವ ಅಂಗವನ್ನೂ ಜೋಡಿಸುವುದು. ನೀರಿನ ಚಿಹ್ನೆಯ ಪಕ್ಕದಲ್ಲಿ ಧ್ವನಿಸೂಚಕವನ್ನಿಟ್ಟು ನದಿಯ ಹೆಸರನ್ನು ಬರೆಯುವುದು. ಸಾಲ ಪಡೆಯುವ ಕ್ರಮವನ್ನು ಆಲಂಕಾರಿಕರ ಲಕ್ಷಣೆಗೆ ಹೋಲಿಸಲು ಮನಸ್ಸಾಗುವುದು ಸಹಜ. ಆ ಹೋಲಿಕೆಯು ಸಲ್ಲದು. ಲಕ್ಷಣೆಯಲ್ಲಿ ಮುಖ್ಯಾರ್ಥದೊಡನೆ ಸಂಬಂಧವಿರಬೇಕು. ಧಾನ್ಯಕ್ಕೂ ಬರುವಿಕೆಗೂ ಯಾವ ಅರ್ಥಸಂಬಂಧವೂ ಇಲ್ಲ, ಶ್ರುತಿಸಾಮ್ಯವೊಂದೇ ಇದೆ. ಹೋಲಿಸಲೇಬೇಕಾದರೆ ಶ್ಲೇಷವು ಹತ್ತಿರದ್ದು. ಈ ಕ್ರಮಗಳೆಲ್ಲವೂ ಚೀನೀ ಭಾಷೆಯ ಶಬ್ದಸ್ವರೂಪದಿಂದಲೇ ಹೊರಟವು. ಅಲ್ಲಿ ಲಿಪಿಯೂ ಭಾಷೆಯೂ ಒಂದೇ ತೊಟ್ಟಿಲಲ್ಲಿ ಬೆಳೆದವು. ಅಕ್ಷರಗುಂಡಿನ ಲಿಪಿಗೂ ಕನ್ನಡಕ್ಕೂ ಇಂತಹ ಸಂಬಂಧವನ್ನು ಯಾರೂ ತೋರಿಸಲಾರರು.

ಬ್ರಾಹ್ಮಿಯ ಮೂಲವು ವಿವಾದದಲ್ಲಿದೆ. ಬ್ಯೂಲರ್ ಅವರು ಅದನ್ನು ಸೆಮಿಟಿಕ್ ಲಿಪಿಗಳಿಂದ ತೆಗೆದರು. ಸ್ವದೇಶದಲ್ಲಿಯೇ ಹುಟ್ಟಿತೆಂದು ವಾದಿಸಿದವರೂ ಅನೇಕರಿದ್ದಾರೆ. ಅಶೋಕನ ಕಾಲದಲ್ಲಿಯೇ ಬುದ್ಧಿಪೂರ್ವಕವಾಗಿ ರಚಿತವಾಯಿತೆಂದು ೧೯೯೩ರಲ್ಲಿ ಹ್ಯಾರಿ ಫಾಲ್ಕ್ ಅವರು ಪ್ರತಿಪಾದಿಸಿದರು. ಸಿಂಹಳದ ಅನುರಾಧಪುರದ ಮಡಕೆಯ ತುಂಡುಗಳನ್ನು ತೋರಿಸಿ ಅದಕ್ಕಿಂತ ಹಿಂದಿನದೆನ್ನುವವರೂ ಇದ್ದಾರೆ. ಆ ವಿವಾದವು ಇಲ್ಲಿ ಅಪ್ರಸ್ತುತ. ಸ್ವರಗಳ ಹ್ರಸ್ವದೀರ್ಘ, ವರ್ಗಗಳ ಅಲ್ಪಪ್ರಾಣ ಮಹಾಪ್ರಾಣಗಳನ್ನು ಬೇರ್ಪಡಿಸುವ ಈ ಲಿಪಿಯು ಶಿಕ್ಷಾಶಾಸ್ತ್ರವನ್ನು ಬಲ್ಲವರ ಕೈಯಿಂದ ಬಂದುದೆಂಬುದು ಮಾತ್ರ ನಿಶ್ಚಯ. ಆದರೆ ವೈಯಾಕರಣರು ಸಂಸ್ಕೃತಕ್ಕಾಗಿ ಇದನ್ನು ಮಾಡಿದರೆಂಬ ಮಾತನ್ನು ಪಂಡಿತವರ್ಗವು ಬಿಡಬೇಕಾಗುತ್ತದೆ. ಕಾರಣವು ಚಪಡನ ಬರೆಹದಲ್ಲಿಯೇ ಇದೆ: ಅವನು ಸಜಾತೀಯ ದ್ವಿತ್ವವನ್ನು ಬರೆಯುವುದಿಲ್ಲ. ‘ಅಯ್ಯಪುತ್ತ’ ಎಂದು ನುಡಿಯುವುದು ಅವನ ಕಲ್ಲಿನ ಮೇಲೆ ‘ಅಯಪುತ’. ವಿಜಾತೀಯ ಸಂಯುಕ್ತಗಳನ್ನು ಬರೆಯಲು ಅವನಿಗೆ ಬರುತ್ತದೆ. ದ್ವಿತ್ವವನ್ನು ಬರೆಯುವ ವಾಡಿಕೆ ಇಲ್ಲ. ಪ್ರಾಕೃತವನ್ನು ಬಲ್ಲವನು ಸಂದರ್ಭದಿಂದ ತಿಳಿದುಕೊಳ್ಳುತ್ತಾನೆ.

ಈ ಅಲ್ಪವೆಂದು ತೋರುವ ಸಂಗತಿಯೇ ಕನ್ನಡದ ದೃಷ್ಟಿಯಿಂದ ಎಲ್ಲಕ್ಕಿಂತ ದೊಡ್ಡದು. ಕನ್ನಡದಲ್ಲಿ ದ್ವಿತ್ವವು ಅರ್ಥವನ್ನೇ ಬದಲಾಯಿಸುತ್ತದೆ. ಕಡಿ ಬೇರೆ, ಕಡ್ಡಿ ಬೇರೆ. ಕೊಡು ಎನ್ನುವುದು ಅಪ್ಪಣೆ, ಕೊಟ್ಟು ಎನ್ನುವುದು ಮುಗಿದ ಕೆಲಸ. ಚಪಡನ ಪದ್ಧತಿಯಲ್ಲಿ ಕನ್ನಡವನ್ನು ಬರೆದರೆ ಹಳ್ಳಿಯು ಹಳಿಯಾಗುವುದು. ಮೇಲಾಗಿ ಱ, ೞ ಎಂಬ ಧ್ವನಿಗಳಿಗೆ ಅವನಲ್ಲಿ ಅಕ್ಷರಗಳಿಲ್ಲ. ಅವನ ಎಕಾರ ಒಕಾರಗಳು ದೀರ್ಘಗಳು, ಹ್ರಸ್ವಕ್ಕೆ ಬೇರೆ ಗುರುತಿಲ್ಲ. ಅಕ್ಷರಗಳ ಆಕಾರದಲ್ಲಿ ವಂಶಸಂಬಂಧವಿದೆ, ಅದನ್ನು ಅಲ್ಲಗಳೆಯುವಂತಿಲ್ಲ: ಅವನ ಠಕಾರವು ಬರಿಯ ವೃತ್ತ, ಥಕಾರವು ಚುಕ್ಕೆಯುಳ್ಳ ವೃತ್ತ, ತಲೆಕಟ್ಟನ್ನು ಬಿಟ್ಟು ನೋಡಿದರೆ ಇಂದಿನ ಠಕಾರದಲ್ಲಿ ಆ ದುಂಡು ಇನ್ನೂ ಉಳಿದಿದೆ. ಆದರೆ ಆಕಾರದ ವಂಶವೃಕ್ಷವನ್ನು ಬರೆದ ಮಾತ್ರಕ್ಕೆ ಬರವಣಿಗೆಯ ಚರಿತ್ರೆಯನ್ನು ಬರೆದಂತಾಗಲಿಲ್ಲ.

ಇಸಿಲ ಎಂಬ ಸ್ಥಳನಾಮದಲ್ಲಿ ಕನ್ನಡದ ಧಾತುವನ್ನು ಡಿ. ಎಲ್. ನರಸಿಂಹಾಚಾರ್ಯರು ಗುರುತಿಸಿದರು. ಬಾಣ ಬಿಡುವುದೆಂಬ ಅರ್ಥದ ಧಾತುವಿನಿಂದ ಕೋಟೆಯ ಹೆಸರು ಬಂದಿರಬಹುದೆಂಬ ಅವರ ಊಹೆಯು ಚಮತ್ಕಾರವುಳ್ಳದ್ದು, ಅಸಂಭವವೂ ಅಲ್ಲ. ಅದನ್ನು ಒಪ್ಪಿದರೂ ಫಲಿಸುವುದೇನೆಂದರೆ, ಪರಭಾಷೆಯ ಬರೆಹದಲ್ಲಿ ದೇಶ್ಯವಾದ ಒಂದು ಹೆಸರು ಸಿಕ್ಕಿಕೊಂಡಿದೆ ಎಂಬಷ್ಟೇ. ಇದಕ್ಕೆ ತಕ್ಕ ಹೋಲಿಕೆಯು ಚೀನದಲ್ಲಿಲ್ಲ, ಜಪಾನಿನಲ್ಲಿದೆ. ಅಲ್ಲಿಯ ಇನಾರಿಯಾಮ ಎಂಬ ಸಮಾಧಿಯಲ್ಲಿ ೧೯೬೮ರಲ್ಲಿ ದೊರೆತ ಕತ್ತಿಯ ಮೇಲೆ, ಕ್ರಿ. ಶ. ೪೭೧ರದೆಂದು ಸಾಮಾನ್ಯವಾಗಿ ಒಪ್ಪಿರುವ ಶಾಸನವಿದೆ. ಅದರ ಭಾಷೆ ಚೀನೀ, ಅಕ್ಷರವೂ ಚೀನೀ. ವಾಕತಕೇರು ಎಂಬ ಅರಸನೇ ಮೊದಲಾದ ಜಪಾನೀ ಹೆಸರುಗಳನ್ನು ಮಾತ್ರ, ಅರ್ಥವನ್ನು ಬಿಟ್ಟು ಧ್ವನಿಗಾಗಿಯೇ ಆ ಅಕ್ಷರಗಳಿಂದ ಬರೆದಿದೆ. ಹೆಸರುಗಳಿಂದ ಹೊರಟ ಆ ಉಪಾಯವು ಕ್ರಮೇಣ ಪದ್ಯಗಳಿಗೆ ಹಬ್ಬಿ, ಒಂಬತ್ತನೆಯ ಶತಮಾನದ ಹೊತ್ತಿಗೆ ಕಾನಾ ಎಂಬ ಬೇರೆಯೇ ಅಕ್ಷರಮಾಲೆಯಾಯಿತು. ಕನ್ನಡದವರು ತಮ್ಮ ಲಿಪಿಚರಿತ್ರೆಯನ್ನು ಇಡತಕ್ಕುದು ಅನ್ಯಾಂಗಿನ ಎಲುಬುಗಳ ಪಕ್ಕದಲ್ಲಲ್ಲ, ಈ ಕತ್ತಿಯ ಪಕ್ಕದಲ್ಲಿ. ಇದರಲ್ಲಿ ಲಾಘವವೇನೂ ಇಲ್ಲ. ಪರರ ಲಿಪಿಯನ್ನು ತನ್ನ ನಾಲಗೆಗೆ ಒಗ್ಗಿಸಿಕೊಳ್ಳುವುದು ಹೊಸದಾಗಿ ಕಲ್ಪಿಸುವುದಕ್ಕಿಂತ ಕಡಮೆಯ ಕೆಲಸವಲ್ಲ.

ಐತಿಹ್ಯದ ಮೂರನೆಯ ಲಿಪಿಯೂ ಚಿತ್ರದುರ್ಗಕ್ಕೆ ಬಂದಿತ್ತೆಂದು ಹೇಳುವುದುಂಟು. ಊರ ಪಕ್ಕದ ಚಂದ್ರವಳ್ಳಿಯಲ್ಲಿ ದೊರೆತ ಚೀನೀ ನಾಣ್ಯವೊಂದನ್ನು ಮೈಸೂರು ಪ್ರಾಕ್ತನ ವಿಮರ್ಶೆಯ ಇಲಾಖೆಯವರು ಹಾನ್ ವಂಶದ ವೂ ಚಕ್ರವರ್ತಿಯದೆಂದು ಪ್ರಕಟಿಸಿದರು. ಆ ಕಾಲನಿರ್ಣಯವನ್ನು ಈಚಿನ ವಿದ್ವಾಂಸರು ಶಂಕಿಸಿದ್ದಾರೆ. ನಾಣ್ಯವು ಅಷ್ಟು ಹಳೆಯದೇ ಆಗಿದ್ದರೂ ಅದು ಇಲ್ಲಿಗೆ ಬಂದುದು ಲೋಹವಾಗಿ, ಅಕ್ಷರವಾಗಿ ಅಲ್ಲ; ಲಿಪಿಚರ್ಚೆಯಲ್ಲಿ ಅದನ್ನು ಎಳೆದು ತರುವುದು ಸಮಂಜಸವಲ್ಲ.

ಅದೇ ಚಂದ್ರವಳ್ಳಿಯ ಕೆರೆಯ ಬಳಿಯ ಬಂಡೆಯ ಮೇಲಿರುವ ಕದಂಬ ಮಯೂರಶರ್ಮನ ಶಾಸನವಾದರೋ ಪ್ರಕೃತಕ್ಕೆ ನೇರವಾಗಿ ಸಂಬಂಧಿಸಿದುದು. ಕ್ರಿ. ಶ. ನಾಲ್ಕನೆಯ ಶತಮಾನದ ಈ ಪ್ರಾಕೃತ ಶಾಸನವನ್ನು ಎಂ. ಎಚ್. ಕೃಷ್ಣ ಅವರು ಓದಿ ಪ್ರಕಟಿಸಿದರು. ಅವರು ಕಂಡ ಪಲ್ಲವ, ಆಭೀರ, ಪುಣಾಟ ಮೊದಲಾದ ರಾಜ್ಯಗಳ ಪಟ್ಟಿಯನ್ನು ಅನಂತರದ ವಿದ್ವಾಂಸರು ಪ್ರಶ್ನಿಸಿದ್ದಾರೆ. ಸವೆದ ಮೂರು ಸಾಲುಗಳಿಂದ ಒಂದು ದಿಗ್ವಿಜಯವನ್ನೇ ಹೊರಡಿಸುವುದು ಅತಿಯೆಂದೇ ಹೇಳಬೇಕು. ಲಿಪಿಯ ದೃಷ್ಟಿಯಿಂದ ಗಮನಿಸತಕ್ಕುದು ಬೇರೆ: ಕೃಷ್ಣ ಅವರ ಪಾಠದಂತೆ ಅಲ್ಲಿ ಅರಸನ ಹೆಸರಿನಲ್ಲಿ ‘ಸಮ್ಮ’ ಎಂದು ದ್ವಿತ್ವವು ಬರೆಯಲ್ಪಟ್ಟಿದೆ. ಚಪಡನಿಗೆ ಇಲ್ಲದ ವಾಡಿಕೆಯು ಇಲ್ಲಿಗೆ ಬಂದಿದೆ. ಇದನ್ನು ತಂದುದು ಸಂಸ್ಕೃತ. ಆ ಭಾಷೆಯನ್ನು ಶಾಸನಗಳಲ್ಲಿ ಬರೆಯತೊಡಗಿದ ಮೇಲೆ ದ್ವಿತ್ವವನ್ನು ಬಿಡುವಂತಿರಲಿಲ್ಲ. ರೇಫದ ಮುಂದೆ ಬೇಡವಾದೆಡೆಯಲ್ಲಿಯೂ ಇಮ್ಮಡಿಸಿ ಬರೆಯುವ ಚಪಲವೂ ಬಂದಿತು. ಐದನೆಯ ಶತಮಾನದ ತಾಳಗುಂದದ ಸ್ತಂಭದಲ್ಲಿ ಕುಬ್ಜನೆಂಬ ಕವಿಯ ಸಂಸ್ಕೃತಕಾವ್ಯವನ್ನು ಹೊತ್ತ ಲಿಪಿಯು, ಹೆಚ್ಚುಕಡಮೆ ಅದೇ ಕಾಲದ ಹಲ್ಮಿಡಿಯಲ್ಲಿ ‘ಕೊಟ್ಟಾರ್’ ಎಂಬ ಕನ್ನಡ ಕ್ರಿಯಾಪದವನ್ನು ಅದರ ದ್ವಿತ್ವದೊಡನೆ ಹೊರಲು ಸಿದ್ಧವಾಗಿತ್ತು. ಸಂಸ್ಕೃತವು ಕನ್ನಡವನ್ನು ತಡೆಹಿಡಿಯಿತೆಂದು ಕೆಲವರು ಆಗಾಗ ಹೇಳುವ ಮಾತನ್ನು ಲಿಪಿಯ ಮಟ್ಟಿಗಾದರೂ ತಿದ್ದಿಕೊಳ್ಳಬೇಕು. ಪ್ರಾಕೃತಕ್ಕಾಗಿ ಹೊಲಿದ ಅಂಗಿಯು ಕನ್ನಡಕ್ಕೆ ಆಗುತ್ತಿರಲಿಲ್ಲ. ಅದನ್ನು ಬಿಚ್ಚಿ ಅಗಲಿಸಿಕೊಟ್ಟುದು ಸಂಸ್ಕೃತ. ಱ, ೞಗಳನ್ನು ಹ‌ೊಲಿದುಕೊಂಡುದು ಮಾತ್ರ ಕನ್ನಡದ ಲೇಖಕರೇ.

ಆ ಲೇಖಕರ ಕೈಯನ್ನು ನೋಡಲು ಚಿತ್ರದುರ್ಗವನ್ನು ಬಿಟ್ಟು ಹೋಗಬೇಕಾಗಿಲ್ಲ. ಸಮೀಪದ ತಮಟಕಲ್ಲಿನಲ್ಲಿ, ಕ್ರಿ. ಶ. ೫೦೦ರ ಸುಮಾರಿನದೆಂದು ಅನೇಕರೂ ಇನ್ನೂ ಸ್ವಲ್ಪ ಈಚಿನದೆಂದು ಕೆಲವರೂ ಹೇಳುವ ಶಾಸನವೊಂದಿದೆ. ಗುಣಮಧುರನೆಂಬವನನ್ನು ಹೊಗಳುವ ಕನ್ನಡ ಪದ್ಯವು ಅದರಲ್ಲಿದೆ, ಅದು ವರ್ಣವೃತ್ತದಲ್ಲಿದೆ. ವೃತ್ತವೆಂದ ಮೇಲೆ ಗುರುಲಘುಗಳ ಲೆಕ್ಕ; ದ್ವಿತ್ವವನ್ನು ಬರೆಯದ ಲಿಪಿಯಲ್ಲಿ ಆ ಲೆಕ್ಕವು ಕಲ್ಲಿನ ಮೇಲೆ ನಿಲ್ಲಲಾರದು. ಚಪಡನು ಬಿಟ್ಟುಬಿಡಬಹುದಾಗಿದ್ದುದನ್ನು ತಮಟಕಲ್ಲಿನ ಲಿಪಿಕರನು ಬಿಡುವಂತಿರಲಿಲ್ಲ. ಎಕಾರ ಒಕಾರಗಳ ಹ್ರಸ್ವದೀರ್ಘಭೇದವನ್ನು ಮಾತ್ರ ಅವನೂ ಅವನ ಅನಂತರದ ಅನೇಕ ಶತಮಾನಗಳ ಲೇಖಕರೂ ಸಾಮಾನ್ಯವಾಗಿ ಒಂದೇ ಗುರುತಿನಿಂದ ಬರೆದು, ಅದನ್ನು ನಿರ್ಣಯಿಸುವ ಕೆಲಸವನ್ನು ಓದುವವನ ಛಂದೋಜ್ಞಾನಕ್ಕೆ ಬಿಟ್ಟರು. ಶಾಸನಪದ್ಯಗಳನ್ನು ಇಂದಿನ ಅಚ್ಚಿನ ಅಕ್ಷರಗಳಲ್ಲಿ ಮುದ್ರಿಸುವ ಸಂಪಾದಕರು ಆ ದೀರ್ಘಗಳನ್ನು ತಾವೇ ತುಂಬಿಕೊಡುತ್ತಾರೆ. ತುಂಬಿದುದೆಂದು ಅಡಿಯಲ್ಲಿ ತಿಳಿಸುವವರು ವಿರಳ.